ಲಸಿಕೆಯೂ ಮುಂದಾಳುಗಳ ಹೊಣೆಯೂ

ಕಾಯಿಲೆಯಾದವನು ವೈದ್ಯನ ಮನೆಯನ್ನು ತಾನಾಗಿಯೇ ಹುಡುಕಿಕೊಂಡು ಹೋಗುತ್ತಾನೆ. ಔಷಧ ಕಹಿಯಾಗಿದ್ದರೂ ಕುಡಿಯುತ್ತಾನೆ. ನೋವು ಅವನಿಗೆ ಆ ಬುದ್ಧಿಯನ್ನು ಕಲಿಸಿರುತ್ತದೆ. ಲಸಿಕೆಯ ವಿಷಯ ಹಾಗಲ್ಲ. ಅದನ್ನು ಕೊಡಬೇಕಾದದ್ದು ಆರೋಗ್ಯವಂತನಿಗೆ. ಉಂಡು ತಿಂದು ಗಟ್ಟಿಮುಟ್ಟಾಗಿ ಓಡಾಡುತ್ತಿರುವ ಮನುಷ್ಯನನ್ನು ಕರೆದು, ಇನ್ನೂ ಬಾರದಿರುವ ರೋಗವೊಂದರ ಸಲುವಾಗಿ ತೋಳನ್ನು ಚಾಚೆಂದು ಹೇಳಬೇಕು. ಚುಚ್ಚಿಸಿಕೊಂಡ ಮೇಲೆ ಅವನಿಗೆ ತಿಳಿಯುವುದು ತೋಳಿನ ನೋವು, ಒಂದೆರಡು ದಿನದ ಜ್ವರ. ತಪ್ಪಿಹೋದ ರೋಗ ಅವನ ಕಣ್ಣಿಗೆ ಎಂದೂ ಬೀಳದು. ಲಸಿಕೆಯ ಕಷ್ಟ ಪ್ರತ್ಯಕ್ಷ, ಲಾಭ ಪರೋಕ್ಷ. ಆದುದರಿಂದ ಅದು ಪ್ರಯೋಗಶಾಲೆಯಲ್ಲಿ ಸಿದ್ಧವಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಜನರ ನಂಬಿಕೆಯೆಂಬ ಇನ್ನೊಂದು ವಸ್ತುವೂ ಬೇಕು. ಅದನ್ನು ಯಾವ ಪ್ರಯೋಗಶಾಲೆಯೂ ತಯಾರಿಸಲಾರದು.

ಈ ನಂಬಿಕೆ ಎಲ್ಲಿಂದ ಬರುತ್ತದೆ? ಲಸಿಕೆಯ ಪರೀಕ್ಷೆಗಳ ವರದಿಯನ್ನು ಓದಿ, ಅಂಕಿ ಅಂಶಗಳನ್ನು ತೂಗಿ ನೋಡಿ ತೀರ್ಮಾನಕ್ಕೆ ಬರುವವರು ಸಾವಿರಕ್ಕೊಬ್ಬರು ಸಿಕ್ಕಾರು. ಉಳಿದ ನಾವೆಲ್ಲರೂ ನಂಬಿಕೆಯನ್ನು ಇತರರಿಂದ ಕಡ ತರುವವರೇ. ಮನೆಯ ವೈದ್ಯರಿಂದ ಸ್ವಲ್ಪ, ನೆರೆಹೊರೆಯವರಿಂದ ಸ್ವಲ್ಪ, ನಾಡನ್ನು ಆಳುವವರಿಂದ ಸ್ವಲ್ಪ. ಪಿಡುಗಿನ ಕಾಲದಲ್ಲಿ ಈ ಕೊನೆಯವರ ಮಾತಿಗೆ ತೂಕ ಹೆಚ್ಚು. ಅವರು ಆಡಿದ್ದು ಅಂದೇ ನಾಡಿನ ಮೂಲೆಮೂಲೆಯನ್ನು ಮುಟ್ಟುತ್ತದೆ. ಹೀಗಿರಲು, ಲಸಿಕೆಯ ವಿಷಯದಲ್ಲಿ ರಾಜಕಾರಣಿಗಳ ಹೊಣೆ ಯಾವುದು, ಅದರ ಮೇರೆ ಎಲ್ಲಿ ಎಂಬುದನ್ನು ವಿಚಾರ ಮಾಡುವುದು ಅಗತ್ಯ.

ಪಿಡುಗಿನ ಲೆಕ್ಕ

ಮೊದಲು, ಇಲ್ಲಿ ಕಾಲಕ್ಕೆ ಏಕಿಷ್ಟು ಬೆಲೆ ಎಂಬುದನ್ನು ನೋಡೋಣ. ಒಬ್ಬ ರೋಗಿಯಿಂದ ಸರಾಸರಿ ಮೂವರಿಗೆ ಅಂಟುವ ರೋಗವೊಂದನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ತಡೆಯೇ ಇಲ್ಲದಿದ್ದರೆ ಒಬ್ಬನಿಂದ ಮೂವರು, ಮೂವರಿಂದ ಒಂಬತ್ತು, ಒಂಬತ್ತರಿಂದ ಇಪ್ಪತ್ತೇಳು, ಹೀಗೆ ಹತ್ತನೆಯ ಹಂತದಲ್ಲಿ ಹೊಸದಾಗಿ ರೋಗ ಹಿಡಿದವರ ಸಂಖ್ಯೆ 59,049 ಆಗುತ್ತದೆ. ಒಂದೊಂದು ಹಂತಕ್ಕೆ ಐದು ದಿನ ಹಿಡಿದರೆ ಇಷ್ಟು ನಡೆಯಲು ಐವತ್ತು ದಿನ ಸಾಕು. ಆದರೆ ಆ ಮೂವರಲ್ಲಿ ಇಬ್ಬರಿಗೆ ರೋಗ ಅಂಟದಂಥ ರಕ್ಷಣೆ ಮೊದಲೇ ಇದ್ದರೆ, ಒಬ್ಬ ರೋಗಿ ಇನ್ನೊಬ್ಬನಿಗೆ ಮಾತ್ರ ಅಂಟಿಸುತ್ತಾನೆ. ಸರಪಳಿ ಬೆಳೆಯುವುದಿಲ್ಲ. ರಕ್ಷಿತರ ಪ್ರಮಾಣ ಮೂರರಲ್ಲಿ ಎರಡನ್ನು ದಾಟಿದರೆ ಸರಪಳಿ ಕ್ರಮೇಣ ಕಡಿದೇ ಹೋಗುತ್ತದೆ. ದಡಾರ ಇದಕ್ಕಿಂತ ಬಹಳ ವೇಗವಾಗಿ ಹಬ್ಬುವ ರೋಗ. ಒಬ್ಬನಿಂದ ಹದಿನೈದು ಮಂದಿಗೆ ಅಂಟುವುದೆಂದು ಎಣಿಸಿದರೆ, ಅದನ್ನು ತಡೆಯಲು ಹದಿನೈದರಲ್ಲಿ ಹದಿನಾಲ್ವರಿಗೆ, ಅಂದರೆ ನೂರಕ್ಕೆ ಸುಮಾರು 93 ಮಂದಿಗೆ ರಕ್ಷಣೆ ಇರಬೇಕು. ನೂರರಲ್ಲಿ ಹತ್ತು ಮಂದಿ ಹಿಂಜರಿದರೂ ಊರಿನ ಬೇಲಿಯಲ್ಲಿ ಕಂಡಿ ಬಿದ್ದಂತೆಯೇ.

ಈ ಲೆಕ್ಕ ಎಲ್ಲ ರೋಗಗಳಿಗೂ ಒಂದೇ ತೆರನಾಗಿ ಅನ್ವಯಿಸುವುದಿಲ್ಲ. ಕೋವಿಡ್ ಲಸಿಕೆಗಳಲ್ಲಿ ಸೋಂಕನ್ನೇ ತಡೆಯುವ ಶಕ್ತಿ ಕೆಲವು ತಿಂಗಳುಗಳಲ್ಲಿ ಇಳಿದುಹೋಯಿತು. ವೈರಾಣುವಿನ ಹೊಸ ಹೊಸ ರೂಪಗಳು ಅದನ್ನು ಇನ್ನಷ್ಟು ಕುಂದಿಸಿದುವು. ಆದರೆ ರೋಗ ಉಲ್ಬಣಿಸಿ ಸಾವಿಗೀಡಾಗುವುದನ್ನು ತಪ್ಪಿಸುವ ಶಕ್ತಿ ಹೆಚ್ಚು ಕಾಲ ಉಳಿಯಿತು. ಅಲ್ಲಿಯೂ ಕಾಲದ ಪ್ರಶ್ನೆ ಇದ್ದೇ ಇತ್ತು. ಲಸಿಕೆ ದೇಹಕ್ಕೆ ಸೇರಿದ ಮೇಲೆ ನಮ್ಮ ರಕ್ತದಲ್ಲಿನ ರಕ್ಷಕ ಕಣಗಳು ವೈರಿಯ ಗುರುತನ್ನು ಕಲಿತು, ಪ್ರತಿವಿಷಗಳನ್ನು ತಯಾರಿಸಿ, ನೆನಪಿಟ್ಟುಕೊಳ್ಳುವುದಕ್ಕೆ ಎರಡು ಮೂರು ವಾರಗಳಾದರೂ ಬೇಕು. ಬೆಂಕಿ ಹತ್ತಿದ ಮೇಲೆ ಬಾವಿ ತೋಡುವುದು ಇಲ್ಲಿ ನಡೆಯದು. ನಾಯಕನೊಬ್ಬನ ಮಾತಿನಿಂದ ಜನ ಒಂದು ತಿಂಗಳು ಹಿಂಜರಿದರೆಂದರೆ, ಆ ತಿಂಗಳನ್ನು ರೋಗ ಲೆಕ್ಕ ಹಾಕಿಯೇ ವಸೂಲು ಮಾಡಿಕೊಳ್ಳುತ್ತದೆ.

ಎರಡು ಅರಮನೆಗಳು

ಆಳುವವರು ತಮ್ಮ ಮೈಯನ್ನೇ ಮುಂದೊಡ್ಡಿ ಜನರ ಹೆದರಿಕೆಯನ್ನು ಕಳೆದ ನಿದರ್ಶನಗಳು ಹಳೆಯವು. 1768ರಲ್ಲಿ ಲಸಿಕೆ ಇನ್ನೂ ಹುಟ್ಟಿರಲಿಲ್ಲ. ಸಿಡುಬಿನ ರೋಗಿಯ ಗುಳ್ಳೆಯಿಂದ ತೆಗೆದ ಕೀವನ್ನು ಆರೋಗ್ಯವಂತನ ಚರ್ಮಕ್ಕೆ ಸೇರಿಸಿ, ಹಗುರವಾದ ಸಿಡುಬನ್ನು ಬರಿಸುವ ಪದ್ಧತಿ ಮಾತ್ರ ಇತ್ತು. ತಾನಾಗಿ ಬಂದ ಸಿಡುಬು ನೂರಕ್ಕೆ ಇಪ್ಪತ್ತು ಮೂವತ್ತು ಮಂದಿಯನ್ನು ಕೊಲ್ಲುತ್ತಿದ್ದರೆ, ಹೀಗೆ ಬರಿಸಿದ್ದು ನೂರಕ್ಕೆ ಒಬ್ಬಿಬ್ಬರನ್ನು ಕೊಲ್ಲುತ್ತಿತ್ತು. ರಷ್ಯದ ಸಾಮ್ರಾಜ್ಞಿ ಕ್ಯಾಥರೀನ್ ಇಂಗ್ಲೆಂಡಿನಿಂದ ಥಾಮಸ್ ಡಿಮ್ಸ್‌ಡೇಲ್ ಎಂಬ ವೈದ್ಯನನ್ನು ಕರೆಸಿ, ಆ ವರ್ಷದ ಅಕ್ಟೋಬರಿನಲ್ಲಿ ಮೊದಲು ತಾನು ಈ ಚಿಕಿತ್ಸೆಯನ್ನು ಮಾಡಿಸಿಕೊಂಡಳು. ಬಳಿಕ ಪಟ್ಟಕ್ಕೆ ಬರಬೇಕಾದ ಮಗನಿಗೂ ಮಾಡಿಸಿದಳು. ರಾಣಿಗೆ ಕೇಡಾದರೆ ವೈದ್ಯನ ತಲೆ ಉಳಿಯದೆಂದು, ಅವನನ್ನು ಗಡಿ ದಾಟಿಸಲು ಕುದುರೆಗಳನ್ನು ಸಿದ್ಧವಾಗಿ ನಿಲ್ಲಿಸಿತ್ತೆಂದು ಹೇಳುತ್ತಾರೆ. ರಾಣಿ ಚೇತರಿಸಿಕೊಂಡಳು. ಅದುವರೆಗೆ ಹೆದರಿದ್ದ ರಷ್ಯದ ಶ್ರೀಮಂತ ಮನೆತನಗಳು ತಾವೂ ಮುಂದೆ ಬಂದುವು. ಅಪಾಯವಿತ್ತೆಂಬುದು ಎಲ್ಲರಿಗೂ ಗೊತ್ತಿತ್ತು. ಆ ಅಪಾಯದಲ್ಲಿ ರಾಣಿ ತಾನೂ ಪಾಲುಗೊಂಡಳೆಂಬುದೇ ಅವಳ ನಡತೆಗೆ ಬೆಲೆಯನ್ನು ತಂದುದು.

ಎರಡನೆಯ ಅರಮನೆ ನಮ್ಮ ಮೈಸೂರಿನದು. ಎಡ್ವರ್ಡ್ ಜೆನ್ನರನು 1796ರಲ್ಲಿ ಹಸುವಿನ ಸಿಡುಬಿನಿಂದ ಮನುಷ್ಯನ ಸಿಡುಬನ್ನು ತಡೆಯಬಹುದೆಂದು ತೋರಿಸಿ, 1798ರಲ್ಲಿ ಅದನ್ನು ಪ್ರಕಟಿಸಿದನು. 1802ರ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಮೂರು ವರ್ಷದ ಬಾಲಕಿಯೊಬ್ಬಳು ಭಾರತದ ಮೊತ್ತಮೊದಲ ಲಸಿಕೆಯನ್ನು ಪಡೆದಳು. ಆದರೆ ಸಿಡುಬನ್ನು ಅಮ್ಮನೆಂದು ಪೂಜಿಸುತ್ತಿದ್ದ ಜನಕ್ಕೆ, ಅದೂ ಪರದೇಶದವರು ತಂದ ಹೊಸ ಮದ್ದು, ಸುಲಭವಾಗಿ ಒಗ್ಗುವಂತಿರಲಿಲ್ಲ. 1805ರ ಸುಮಾರಿನಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ಸ್ತ್ರೀಯರ ತೈಲಚಿತ್ರವೊಂದನ್ನು ಬರೆದನು. ಚರಿತ್ರಕಾರ ನೈಜೆಲ್ ಚಾನ್ಸಲರ್ ಅವರು ಈ ಚಿತ್ರವನ್ನು ವ್ಯಾಖ್ಯಾನಿಸಿರುವ ಬಗೆ ಕುತೂಹಲಕರವಾಗಿದೆ. ಬಲಗಡೆಯಿರುವವಳು ಬಾಲರಾಜ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ಪತ್ನಿ ದೇವಾಜಮ್ಮಣ್ಣಿ. ಅವಳು ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗದ ಸೂಚನೆ. ಎಡಗಡೆಯ ರಾಣಿಯ ಮೂಗು ಬಾಯಿಗಳ ಸುತ್ತಣ ಬಣ್ಣಗೆಟ್ಟ ಚರ್ಮ, ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೆ ಏರಿಸುವ ಹಳೆಯ ಪದ್ಧತಿಯ ಗುರುತು. ನಡುವೆ ನಿಂತಿರುವವರು ಸಿಡುಬಿನಿಂದಲೇ ಪತಿಯನ್ನು ಕಳೆದುಕೊಂಡಿದ್ದ ಲಕ್ಷ್ಮಮ್ಮಣ್ಣಿಯವರು. ಅಂತಃಪುರದ ಸ್ತ್ರೀಯರು ಹೊರಗಿನವರ ಕಣ್ಣಿಗೆ ಬೀಳದಿದ್ದ ಕಾಲದಲ್ಲಿ ಇಂಥ ಚಿತ್ರ ಬರೆಸಿದುದಕ್ಕೆ ಜನರಿಗೆ ಮೇಲ್ಪಂಕ್ತಿ ಹಾಕಿಕೊಡುವುದೇ ಕಾರಣವಿದ್ದೀತೆಂಬುದು ಅವರ ಅಭಿಪ್ರಾಯ. ಇದು ವ್ಯಾಖ್ಯಾನವೇ ಹೊರತು ಸಿದ್ಧಾಂತವಲ್ಲ. ಆದರೆ ದೇವಾಜಮ್ಮಣ್ಣಿ ಲಸಿಕೆ ಪಡೆದುದರಿಂದ ಜನರ ಮೇಲೆ ಒಳ್ಳೆಯ ಪರಿಣಾಮವಾಯಿತೆಂದು ಹೇಳುವ 1806ರ ದಾಖಲೆಯೊಂದನ್ನು ಅವರು ಆಧಾರವಾಗಿ ತೋರಿಸಿದ್ದಾರೆ.

ಅವಸರದ ಪಾಠ

ನಾಯಕನು ತೋಳನ್ನು ಚಾಚಿದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆಯೇ? 1976ರಲ್ಲಿ ಅಮೆರಿಕದಲ್ಲಿ ನಡೆದುದನ್ನು ನೋಡಿದರೆ ಹಾಗೆ ಹೇಳಲಾಗದು. ಆ ವರ್ಷದ ಆರಂಭದಲ್ಲಿ ನ್ಯೂಜೆರ್ಸಿಯ ಫೋರ್ಟ್ ಡಿಕ್ಸ್ ಸೈನಿಕ ಶಿಬಿರದಲ್ಲಿ ಹಂದಿಜ್ವರದ ವೈರಾಣು ಕಾಣಿಸಿಕೊಂಡು ಒಬ್ಬ ಸೈನಿಕ ಸತ್ತನು. ಕೋಟ್ಯಂತರ ಜನರನ್ನು ಕೊಂದ 1918ರ ಇನ್‌ಫ್ಲುಯೆಂಜಾ ಮರಳಿತೋ ಎಂಬ ಭಯ ಹುಟ್ಟಿತು. ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರು ತಜ್ಞರನ್ನು ಕರೆದು ಸಮಾಲೋಚಿಸಿದರು. ಪೋಲಿಯೋ ಲಸಿಕೆಗಳ ಜನಕರಾದ ಸಾಕ್ ಮತ್ತು ಸೇಬಿನ್ ಇಬ್ಬರೂ ಅವರಲ್ಲಿದ್ದರು. ಮಾರ್ಚ್ 24ರಂದು, ದೇಶದ ಪ್ರತಿಯೊಬ್ಬರಿಗೂ ಲಸಿಕೆ ಹಾಕಿಸಲಾಗುವುದೆಂದು ಅಧ್ಯಕ್ಷರು ಸಾರಿದರು. ಅದು ಚುನಾವಣೆಯ ವರ್ಷ.

ಇಲ್ಲಿಯವರೆಗೆ ತಪ್ಪೇನೂ ಕಾಣದು. ಆದರೆ ಬೇಸಗೆ ಕಳೆದರೂ ಶಿಬಿರದಿಂದಾಚೆಗೆ ಆ ರೋಗ ಹಬ್ಬಲಿಲ್ಲ. ಲಸಿಕೆಯನ್ನು ತಯಾರಿಸಿ ದಾಸ್ತಾನಿಟ್ಟು, ರೋಗ ನಿಜವಾಗಿ ಹಬ್ಬಿದಲ್ಲಿ ಹಾಕುವುದು ಲೇಸೆಂದು ಸೇಬಿನ್ ಅವರೇ ಅಭಿಪ್ರಾಯ ಬದಲಿಸಿದರು. ಒಮ್ಮೆ ದೇಶಕ್ಕೆಲ್ಲ ಕೇಳುವಂತೆ ಸಾರಿದ ನಿರ್ಧಾರದಿಂದ ಸರ್ಕಾರ ಹಿಂದೆ ಸರಿಯಲಿಲ್ಲ. ಅಕ್ಟೋಬರ್ 1ರಂದು ಕೆಲಸ ಆರಂಭವಾಯಿತು. 14ರಂದು ಅಧ್ಯಕ್ಷರು ಟೆಲಿವಿಷನ್ನಿನ ಮುಂದೆ ತಾವೇ ಚುಚ್ಚಿಸಿಕೊಂಡರು. ಸುಮಾರು ಹತ್ತು ವಾರಗಳಲ್ಲಿ ನಾಲ್ಕು ಕೋಟಿಗೂ ಮಿಕ್ಕ ಜನ ಲಸಿಕೆ ಪಡೆದರು. ಅಷ್ಟರಲ್ಲಿ, ಲಸಿಕೆ ಪಡೆದವರಲ್ಲಿ ಗಿಲಾನ್-ಬಾರೇ ಎಂಬ ನರರೋಗ ಲಕ್ಷಕ್ಕೆ ಸುಮಾರು ಒಬ್ಬರಂತೆ ಹೆಚ್ಚಾಗಿ ಕಾಣಿಸಿಕೊಂಡಿತು. ಡಿಸೆಂಬರ್ 16ರಂದು ಕಾರ್ಯಕ್ರಮವನ್ನು ನಿಲ್ಲಿಸಿದರು. ನಿರೀಕ್ಷಿಸಿದ ಪಿಡುಗು ಬರಲೇ ಇಲ್ಲ.

ಲಕ್ಷಕ್ಕೊಬ್ಬರೆಂಬುದು 1918ರಂಥ ಪಿಡುಗಿನ ಎದುರಿನಲ್ಲಿ ಅಲ್ಪವಾದ ಅಪಾಯವೇ ಸರಿ. ಆದರೆ ರೋಗವೇ ಬಾರದಿದ್ದಾಗ ಆ ಒಬ್ಬನ ನೋವಿಗೆ ಉತ್ತರವಿಲ್ಲ. ವೈಜ್ಞಾನಿಕ ತೀರ್ಮಾನಗಳು ಹೊಸ ಸಾಕ್ಷ್ಯ ಬಂದಂತೆ ಬದಲಾಗತಕ್ಕವು. ಅವುಗಳಿಗೆ ತನ್ನ ಪ್ರತಿಷ್ಠೆಯನ್ನು ಗಂಟುಹಾಕಿಕೊಂಡ ರಾಜಕಾರಣಿಗೆ ಬದಲಾಗುವುದು ಕಷ್ಟ. ಮಾತು ಕೊಡುವಾಗಲೇ, "ಇಂದು ತಿಳಿದಿರುವುದು ಇಷ್ಟು, ನಾಳೆ ಬೇರೆಯದು ತಿಳಿದರೆ ಅದನ್ನೂ ನಿಮಗೆ ಹೇಳುವೆವು" ಎನ್ನುವ ಮುಖಂಡನಿಗೆ ಆ ಕಷ್ಟವಿಲ್ಲ.

ಸಂದೇಹದ ಬೆಲೆ

ಇನ್ನು ಇದಕ್ಕೆ ವಿರುದ್ಧವಾದ ತಪ್ಪನ್ನು ನೋಡೋಣ. 2003ರಲ್ಲಿ ನೈಜೀರಿಯದ ಉತ್ತರ ಭಾಗದ ಕಾನೋ ಮೊದಲಾದ ರಾಜ್ಯಗಳಲ್ಲಿ, ಪೋಲಿಯೋ ಹನಿಗಳಲ್ಲಿ ಬಂಜೆತನವನ್ನುಂಟುಮಾಡುವ ವಸ್ತುವನ್ನು ಬೆರೆಸಿದ್ದಾರೆಂಬ ವದಂತಿ ಹಬ್ಬಿತು. ಜನರ ಸಂಶಯಕ್ಕೆ ಹಿನ್ನೆಲೆಯೂ ಇತ್ತು. 1996ರಲ್ಲಿ ಅಲ್ಲಿ ಮಿದುಳುಪೊರೆಯ ಜ್ವರ ಹಬ್ಬಿದ್ದಾಗ ಪರದೇಶದ ಔಷಧ ಸಂಸ್ಥೆಯೊಂದು ಮಕ್ಕಳ ಮೇಲೆ ಹೊಸ ಔಷಧದ ಪ್ರಯೋಗ ನಡೆಸಿ ದೊಡ್ಡ ವಿವಾದಕ್ಕೆ ಗುರಿಯಾಗಿತ್ತು. ಅಂಥ ಜನರಿಗೆ ತಿಳಿಯ ಹೇಳಬೇಕಾಗಿದ್ದ ಕಾನೋ ರಾಜ್ಯಪಾಲ ಇಬ್ರಾಹಿಂ ಶೆಕರಾವು ಅವರ ಸರ್ಕಾರ ಲಸಿಕೆಯನ್ನೇ ನಿಲ್ಲಿಸಿತು. ಸುಮಾರು ಹನ್ನೊಂದು ತಿಂಗಳುಗಳ ಕಾಲ ಅಲ್ಲಿ ಹನಿ ಹಾಕುವ ಕೆಲಸ ನಿಂತಿತು. ಕೊನೆಗೆ, ಮುಸ್ಲಿಮರೇ ಬಹುಸಂಖ್ಯಾತರಾಗಿರುವ ಇಂಡೊನೇಷ್ಯದಲ್ಲಿ ತಯಾರಾದ ಲಸಿಕೆಯನ್ನು ತರಿಸುವುದೆಂದು ಒಪ್ಪಂದವಾಯಿತು. 2004ರ ಜುಲೈ ಕೊನೆಯಲ್ಲಿ ರಾಜ್ಯಪಾಲರ ಎಳೆಯ ಮಗಳಿಗೇ ಜನಸ್ತೋಮದ ಎದುರಿನಲ್ಲಿ ಹನಿ ಹಾಕಿ ಕೆಲಸವನ್ನು ಮತ್ತೆ ಆರಂಭಿಸಿದರು.

ಆ ವೇಳೆಗೆ ವೈರಾಣು ಗಡಿಗಳನ್ನು ದಾಟಿತ್ತು. ಉತ್ತರ ನೈಜೀರಿಯದಿಂದ ಹೊರಟ ಪೋಲಿಯೋ ಸುಮಾರು ಇಪ್ಪತ್ತು ದೇಶಗಳನ್ನು ಮುಟ್ಟಿತು. ವಿಧಿಯ ಅಣಕವೆಂಬಂತೆ ಲಸಿಕೆಯನ್ನು ಕಳುಹಿಸಿಕೊಟ್ಟ ಇಂಡೊನೇಷ್ಯವೂ ಅವುಗಳಲ್ಲೊಂದು. ಹತ್ತು ವರ್ಷ ಪೋಲಿಯೋ ಇಲ್ಲದೆ ಇದ್ದ ಆ ದೇಶದಲ್ಲಿ 2005ರಿಂದ ಮೊದಲಾಗಿ ಮುನ್ನೂರಕ್ಕೂ ಮಿಕ್ಕ ಮಕ್ಕಳು ಅಂಗವಿಕಲರಾದರು. ಒಂದು ರಾಜ್ಯದ ಆಡಳಿತ ಸಂದೇಹಕ್ಕೆ ಮಣಿದುದರ ಫಲವನ್ನು, ಆ ರಾಜ್ಯದ ಹೆಸರನ್ನೂ ಕೇಳದ ಮಕ್ಕಳು ಉಣ್ಣಬೇಕಾಯಿತು. ಆಫ್ರಿಕ ಖಂಡ ಸಹಜ ಪೋಲಿಯೋ ವೈರಾಣುವಿನಿಂದ ಮುಕ್ತವಾಯಿತೆಂಬ ಘೋಷಣೆಗೆ 2020ರ ಆಗಸ್ಟ್‌ವರೆಗೆ ಕಾಯಬೇಕಾಯಿತು.

ಕೋವಿಡ್ ಪಿಡುಗಿನಲ್ಲಿಯೂ ಇಂಥ ನಿದರ್ಶನವಿದೆ. ಟಾಂಜಾನಿಯದ ಅಧ್ಯಕ್ಷ ಜಾನ್ ಮಗುಫುಲಿಯವರು 2020ರಲ್ಲಿ ರೋಗಿಗಳ ಅಂಕಿ ಅಂಶಗಳನ್ನು ಪ್ರಕಟಿಸುವುದನ್ನೇ ನಿಲ್ಲಿಸಿ, 2021ರ ಜನವರಿಯಲ್ಲಿ ಲಸಿಕೆಗಳನ್ನು ಹೀಗಳೆದರು. ಆ ವರ್ಷದ ಮಾರ್ಚ್‌ನಲ್ಲಿ ಅವರು ತೀರಿಕೊಂಡರು. ಹೃದಯದ ಕಾಯಿಲೆಯೇ ಕಾರಣವೆಂದು ಸರ್ಕಾರ ತಿಳಿಸಿತು. ಅವರ ಸ್ಥಾನಕ್ಕೆ ಬಂದ ಸಾಮಿಯಾ ಸುಲುಹು ಹಸನ್ ಅವರು ತಜ್ಞರ ಸಮಿತಿಯನ್ನು ನೇಮಿಸಿ, ಲಸಿಕೆಯನ್ನು ತರಿಸಿ, ಜುಲೈ 28ರಂದು ಜನರ ಎದುರಿನಲ್ಲಿ ತಾವೇ ಮೊದಲು ಹಾಕಿಸಿಕೊಂಡರು. ಆದರೂ ಮೊದಲ ಕೆಲವು ತಿಂಗಳು ಕೆಲಸ ಕುಂಟುತ್ತ ಸಾಗಿತು. ಸಂದೇಹವನ್ನು ಬಿತ್ತಲು ಒಂದು ಭಾಷಣ ಸಾಕು. ಕೀಳಲು ಹಳ್ಳಿಹಳ್ಳಿಗೂ ನಡೆಯಬೇಕು.

ಪ್ರಶ್ನಿಸುವುದು ತಪ್ಪೇ?

ಹಾಗಾದರೆ ರಾಜಕಾರಣಿಗಳು ಲಸಿಕೆಯ ವಿಷಯದಲ್ಲಿ ತುಟಿ ಬಿಚ್ಚದೆ ತಜ್ಞರು ಹೇಳಿದುದಕ್ಕೆಲ್ಲ ತಲೆಯಾಡಿಸಬೇಕೆ ಎಂದು ವಾಚಕರು ಕೇಳಬಹುದು. ಇದಕ್ಕೆ ನಮ್ಮ ದೇಶದ ಒಂದು ಪ್ರಸಂಗವನ್ನು ನೆನೆಯುವುದು ಉಚಿತ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಕ್ಷಯರೋಗದ ತಡೆಗಾಗಿ ಬಿ.ಸಿ.ಜಿ. ಲಸಿಕೆಯನ್ನು ದೇಶದಲ್ಲೆಲ್ಲ ಹಾಕತೊಡಗಿದರು. ಅದಕ್ಕೆ ಹಿಂದೆ ಮದರಾಸಿನ ಮುಖ್ಯಮಂತ್ರಿಗಳಾಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿಯವರು 1955ರಲ್ಲಿ ಇದನ್ನು ವಿರೋಧಿಸಿ ಕಿರುಹೊತ್ತಗೆಯನ್ನೇ ಪ್ರಕಟಿಸಿದರು. ಅಂಥ ಹಿರಿಯರ ಮಾತಿನಿಂದ ಲಸಿಕೆಯ ಕೆಲಸಕ್ಕೆ ತೊಡಕಾಯಿತು. ಕೇಂದ್ರದ ಆರೋಗ್ಯ ಮಂತ್ರಿಗಳಾಗಿದ್ದ ರಾಜಕುಮಾರಿ ಅಮೃತ ಕೌರ್ ಅವರು ಲಸಿಕೆಯ ಪರವಾಗಿ ನಿಂತರು.

ಈ ವಾದ ಮುಗಿದದ್ದು ಸಭಾವೇದಿಕೆಯ ಮೇಲಲ್ಲ. 1968ರಲ್ಲಿ ಮದರಾಸಿಗೆ ಸಮೀಪದ ಚಿಂಗಲ್‌ಪಟ್ಟು ಜಿಲ್ಲೆಯಲ್ಲಿ ಲಕ್ಷಗಟ್ಟಲೆ ಜನರನ್ನೊಳಗೊಂಡ ಪರೀಕ್ಷೆಯೊಂದನ್ನು ಆರಂಭಿಸಿದರು. ವಯಸ್ಕರಿಗೆ ಬರುವ ಶ್ವಾಸಕೋಶದ ಕ್ಷಯವನ್ನು ಬಿ.ಸಿ.ಜಿ. ಅಲ್ಲಿ ತಡೆಯಲಿಲ್ಲವೆಂದು 1979ರಲ್ಲಿ ತಿಳಿದುಬಂದಿತು. ಅದೇ ಲಸಿಕೆ ಎಳೆಯ ಕೂಸುಗಳನ್ನು ಮಿದುಳುಪೊರೆಯ ಕ್ಷಯದಂಥ ಘೋರ ರೂಪಗಳಿಂದ ಕಾಪಾಡುತ್ತದೆಂಬುದು ಇತರ ಅಧ್ಯಯನಗಳಿಂದ ಸಿದ್ಧವಾಗಿದೆ. ಆದುದರಿಂದಲೇ ಇಂದಿಗೂ ನಮ್ಮಲ್ಲಿ ಹುಟ್ಟಿದ ಕೂಡಲೆ ಅದನ್ನು ಹಾಕುತ್ತಾರೆ. ವಿರೋಧಿಸಿದವರ ಎಲ್ಲ ಮಾತೂ ಸುಳ್ಳಾಗಲಿಲ್ಲ, ಸಮರ್ಥಿಸಿದವರ ಎಲ್ಲ ಆಸೆಯೂ ನಿಜವಾಗಲಿಲ್ಲ. ಪ್ರಶ್ನೆ ಕೇಳುವುದು ಜನಪ್ರತಿನಿಧಿಯ ಹಕ್ಕು ಮಾತ್ರವಲ್ಲ, ಕರ್ತವ್ಯ. ಪರೀಕ್ಷೆಯ ಫಲಗಳೇನು, ಅಡ್ಡಪರಿಣಾಮಗಳನ್ನು ಯಾರು ಲೆಕ್ಕವಿಡುತ್ತಾರೆ, ನೊಂದವರಿಗೆ ಪರಿಹಾರವೇನು ಎಂದು ಶಾಸನಸಭೆಯಲ್ಲಿ ಕೇಳಿ ಉತ್ತರ ಪಡೆಯಲಿ. ಆದರೆ ಉತ್ತರಕ್ಕೆ ಕಾಯದೆ, ಸಂತೆಯಲ್ಲಿ ನಿಂತು, "ಹಾಕಿಸಿಕೊಳ್ಳಬೇಡಿ" ಎನ್ನುವುದು ಪ್ರಶ್ನೆಯಲ್ಲ; ಅದು ಸಾಕ್ಷ್ಯವಿಲ್ಲದೆ ಕೊಟ್ಟ ತೀರ್ಪು.

ಪಕ್ಷಕ್ಕೆ ಸೇರದ ಮದ್ದು

ಲಸಿಕೆ ಯಾವುದಾದರೊಂದು ಪಕ್ಷದ ಸೊತ್ತೆಂಬ ಭಾವನೆ ಹುಟ್ಟಿದರೆ ಎದುರು ಪಕ್ಷದವರಿಗೆ ಅದು ಬೇಡವಾಗುತ್ತದೆ. 2021ರ ಜನವರಿ 16ರಂದು ನಮ್ಮ ದೇಶದಲ್ಲಿ ಕೋವಿಡ್ ಲಸಿಕೆ ಆರಂಭವಾಗುವ ಮುನ್ನವೇ, ಉತ್ತರದ ರಾಜ್ಯವೊಂದರ ಮಾಜಿ ಮುಖ್ಯಮಂತ್ರಿಯೊಬ್ಬರು ಇದು ಆಳುವ ಪಕ್ಷದ ಲಸಿಕೆ, ಇದನ್ನು ನಂಬುವುದು ಹೇಗೆ ಎಂದರು. ಐದು ತಿಂಗಳ ಬಳಿಕ ತಾವೂ ಹಾಕಿಸಿಕೊಳ್ಳುವುದಾಗಿ ತಿಳಿಸಿದರು. ಇತ್ತ ಲಸಿಕೆಯ ಪ್ರಮಾಣಪತ್ರದ ಮೇಲೆ ಪ್ರಧಾನಮಂತ್ರಿಗಳ ಭಾವಚಿತ್ರ ಅಚ್ಚಾಗಿತ್ತು. ಮಾರ್ಚ್‌ನಲ್ಲಿ ಚುನಾವಣೆ ನಡೆಯಲಿದ್ದ ರಾಜ್ಯಗಳಲ್ಲಿ ಅದು ಆಕ್ಷೇಪಕ್ಕೆ ಗುರಿಯಾಗಿ, ಚುನಾವಣಾ ಆಯೋಗ ನಡುವೆ ಬರಬೇಕಾಯಿತು. ಅದೇ ಮಾರ್ಚ್ 1ರಂದು ಅರುವತ್ತು ದಾಟಿದವರಿಗೆ ಲಸಿಕೆ ತೆರೆದಾಗ ಪ್ರಧಾನಮಂತ್ರಿಗಳು ದೆಹಲಿಯ ಆಸ್ಪತ್ರೆಗೆ ಹೋಗಿ, ಅದುವರೆಗೆ ಹೆಚ್ಚು ಪ್ರಶ್ನೆಗಳಿಗೆ ಗುರಿಯಾಗಿದ್ದ ಸ್ವದೇಶೀ ಲಸಿಕೆಯನ್ನೇ ಹಾಕಿಸಿಕೊಂಡರು. ತಮ್ಮ ಸರದಿ ಬಂದಾಗ ಬಹಿರಂಗವಾಗಿ ಹಾಕಿಸಿಕೊಳ್ಳುವುದು ಯಾವ ಪಕ್ಷದ ಮುಖಂಡರಿಗಾದರೂ ಒಪ್ಪುವ ನಡೆ.

ಇದಕ್ಕಿಂತ ಒಳ್ಳೆಯ ಮಾದರಿ ನಮ್ಮಲ್ಲಿಯೇ ಹಿಂದೆ ನಡೆದಿತ್ತು. 1994ರ ಗಾಂಧೀ ಜಯಂತಿಯಂದು ದೆಹಲಿಯ ರಾಜ್ಯ ಸರ್ಕಾರ, ಆರೋಗ್ಯ ಮಂತ್ರಿ ಹರ್ಷವರ್ಧನ್ ಅವರ ನೇತೃತ್ವದಲ್ಲಿ, ನಗರದ ಲಕ್ಷಾಂತರ ಮಕ್ಕಳಿಗೆ ಒಂದೇ ದಿನ ಪೋಲಿಯೋ ಹನಿ ಹಾಕಿಸಿತು. ಮಾರನೆಯ ವರ್ಷ ಕೇಂದ್ರ ಸರ್ಕಾರ ಆ ಕ್ರಮವನ್ನು ದೇಶಕ್ಕೆಲ್ಲ ವಿಸ್ತರಿಸಿತು. ದೆಹಲಿಯನ್ನು ಆಗ ಆಳುತ್ತಿದ್ದ ಪಕ್ಷ ಒಂದು, ಕೇಂದ್ರದಲ್ಲಿದ್ದ ಪಕ್ಷ ಇನ್ನೊಂದು. ಎದುರಾಳಿಯ ಕೆಲಸವೆಂದು ಯಾರೂ ಅದನ್ನು ತಳ್ಳಿಹಾಕಲಿಲ್ಲ. ಆಮೇಲೆ ಸರ್ಕಾರಗಳು ಹಲವು ಸಲ ಬದಲಾದರೂ ಹನಿ ನಿಲ್ಲಲಿಲ್ಲ. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ದೇಶದ ಕೊನೆಯ ಸಹಜ ಪೋಲಿಯೋ ಪ್ರಕರಣ ಕಂಡುಬಂದಿತು. 2014ರ ಮಾರ್ಚ್ 27ರಂದು ನಮ್ಮ ಭೂಭಾಗ ಪೋಲಿಯೋಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು.

ಹೊಣೆಯ ಮೇರೆ

ಮೇಲಿನ ಪ್ರಸಂಗಗಳಿಂದ ಮುಂದಾಳುಗಳ ಹೊಣೆ ಸ್ಪಷ್ಟವಾಗುತ್ತದೆ. ಲಸಿಕೆ ಸುರಕ್ಷಿತವೋ ಅಲ್ಲವೋ, ಯಾರಿಗೆ ಮೊದಲು, ಎಷ್ಟು ಸಲ ಎಂಬುದನ್ನು ತೀರ್ಮಾನಿಸುವುದು ಅವರ ಕೆಲಸವಲ್ಲ. ಅದನ್ನು ತಜ್ಞರಿಗೆ ಬಿಡಬೇಕು. ತೀರ್ಮಾನವಾದ ಮೇಲೆ ಅದನ್ನು ಜನರ ಭಾಷೆಯಲ್ಲಿ ತಿಳಿಸುವುದು, ಸರದಿ ಬಂದಾಗ ತಾವೂ ತಮ್ಮ ಮನೆಯವರೂ ಎಲ್ಲರೆದುರಿಗೆ ಹಾಕಿಸಿಕೊಳ್ಳುವುದು, ಅಡ್ಡಪರಿಣಾಮಗಳನ್ನು ಮುಚ್ಚಿಡದೆ ಹೇಳುವುದು ಅವರ ಕೆಲಸ. ಜ್ವರ ಬರಬಹುದೆಂದು ಮೊದಲೇ ಹೇಳಿದರೆ ಜ್ವರ ಬಂದವನು ಹೆದರುವುದಿಲ್ಲ. ಹೇಳದಿದ್ದರೆ ಅವನ ಜ್ವರವೇ ಊರಿಗೆಲ್ಲ ವದಂತಿಯಾಗುತ್ತದೆ.

ಇವೆಲ್ಲಕ್ಕೂ ಮಿಗಿಲಾಗಿ, ಹಾಕಿಸಿಕೊಳ್ಳಿರೆಂದು ಕರೆದವನು ಬಂದವರಿಗೆ ಲಸಿಕೆ ಸಿಗುವಂತೆ ಮಾಡಬೇಕು. 2021ರ ಮೇ ತಿಂಗಳಲ್ಲಿ ಹದಿನೆಂಟು ತುಂಬಿದ ಎಲ್ಲರಿಗೂ ಲಸಿಕೆಯೆಂದು ಸಾರಿದಾಗ ಕೇಂದ್ರಗಳಲ್ಲಿ ಸಾಕಷ್ಟು ಲಸಿಕೆ ಇರಲಿಲ್ಲ. ಮೊಬೈಲಿನಲ್ಲಿ ಸರದಿ ಗೊತ್ತುಮಾಡಿಕೊಳ್ಳಬೇಕೆಂಬ ನಿಯಮ ಓದುಬರಹ ಬಾರದವರನ್ನು ಹೊರಗೇ ನಿಲ್ಲಿಸಿತು. ದಿನಗೂಲಿಯವನಿಗೆ ಒಂದು ದಿನದ ಜ್ವರವೆಂದರೆ ಒಂದು ದಿನದ ಕೂಲಿ ಹೋದಂತೆ. ಅವನು ಬಾರದಿದ್ದರೆ ಅದನ್ನು ಅಜ್ಞಾನವೆಂದು ಹಳಿಯುವ ಮುನ್ನ ಆ ಕೂಲಿಯ ವಿಚಾರವನ್ನೂ ಯೋಚಿಸಬೇಕು. ಇಂಥ ತೊಡಕುಗಳನ್ನು ಬಿಡಿಸುವುದು ವಿಜ್ಞಾನಿಯ ಕೈಯಲ್ಲಿಲ್ಲ, ಅಧಿಕಾರವಿರುವವರ ಕೈಯಲ್ಲಿದೆ.

ಮುಂದಾಳುಗಳೆಂದರೆ ರಾಜಧಾನಿಯಲ್ಲಿರುವವರು ಮಾತ್ರವಲ್ಲ. ಆಶಾ ಕಾರ್ಯಕರ್ತೆ ಶೀತಪೆಟ್ಟಿಗೆಯನ್ನು ಹೊತ್ತು ಬೀದಿಗೆ ಬಂದಾಗ, ಅವಳ ಜೊತೆಗೆ ಮನೆಮನೆಗೂ ನಡೆಯುವ ಗ್ರಾಮ ಪಂಚಾಯಿತಿಯ ಸದಸ್ಯನೂ ಮುಂದಾಳೇ. ಜನ ಅವನನ್ನು ಬಲ್ಲರು, ಅವನ ಮಕ್ಕಳನ್ನು ಬಲ್ಲರು. ಅವನ ಮನೆಯಲ್ಲಿ ಯಾರು ಹಾಕಿಸಿಕೊಂಡರು, ಯಾರು ಬಿಟ್ಟರು ಎಂಬುದೂ ಅವರಿಗೆ ಗೊತ್ತು. ಕೋವಿಡ್‌ನ ತುರ್ತು ಪರಿಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಸಾರಿತು. ಮುಂದಿನ ಪಿಡುಗು ಯಾವಾಗ ಬರುವುದೋ ಹೇಳಬಲ್ಲವರಿಲ್ಲ. ಅದಕ್ಕೆ ಬೇಕಾದ ಲಸಿಕೆಯನ್ನು ರೋಗ ಬಂದ ಮೇಲೆ ಕೆಲವೇ ತಿಂಗಳುಗಳಲ್ಲಿ ತಯಾರಿಸಬಹುದೆಂಬುದನ್ನು ಕೋವಿಡ್ ತೋರಿಸಿಕೊಟ್ಟಿದೆ. ನಂಬಿಕೆಯನ್ನು ಮಾತ್ರ ಹಾಗೆ ತರಾತುರಿಯಲ್ಲಿ ತಯಾರಿಸಲಾಗದು. ರೋಗವಿಲ್ಲದ ಈ ಬಿಡುವಿನ ವರ್ಷಗಳಲ್ಲಿಯೇ ನಿಜವನ್ನು ಹೇಳುತ್ತ ಅದನ್ನು ಕೂಡಿಡಬೇಕು.